ಒಂದು ತೂತಿಗೆ ಒಂದು ಮಧ್ಯಾಹ್ನ

ನವೆಂಬರ್ 16, 2024, ಶನಿವಾರ

ಪದಕ ಮಾಡಲು ಇವತ್ತು ಕೊನೆಗೂ ಆ ನೀಲಿ ತುಂಡಿಗೆ ಕೈ ಹಾಕಿದೆ. ಮ್ಯಾಮತ್ ದಂತದ ಹೊರಸಿಪ್ಪೆ. ಮ್ಯಾಮತ್ ಅಂದರೆ ಆನೆಯ ಬಳಗದ, ಈಗ ಅಳಿದುಹೋದ ಪ್ರಾಣಿ. ಹೆಬ್ಬೆರಳಿನಷ್ಟು ಉದ್ದ, ಎರಡು ಬೆರಳು ಅಗಲ. ತುದಿಗಳಿಗೆ ಮೇಣ ಹಚ್ಚಿ ಒಂದು ವರ್ಷದಿಂದ ಡಬ್ಬಿಯಲ್ಲಿ ಇಟ್ಟಿದ್ದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ ನೆಲದೊಳಗೆ ಇದ್ದದ್ದು ಅದು. ಹೊರಗೆ ಬಂದು ಬೇಗ ಒಣಗಿದರೆ ಸೀಳಿಬಿಡುತ್ತದೆ.

ಪಳೆಯುಳಿಕೆ ಅಂತ ಎಲ್ಲರೂ ಕರೆಯುತ್ತಾರೆ. ಆದರೆ ಸೈಬೀರಿಯಾ, ಅಲಾಸ್ಕಾದ ನೆಲದಿಂದ ಬರುವ ಒಳ್ಳೆ ದಂತ ಕಲ್ಲಾಗಿರುವುದಿಲ್ಲ. ಅದು ಇನ್ನೂ ಹಲ್ಲೇ. ಅರ ಹಾಕಿ ಉಜ್ಜಿದರೆ ಹಲ್ಲಿನ ಡಾಕ್ಟರ ಕೋಣೆಯ ವಾಸನೆ ಬರುತ್ತದೆ. ನೀಲಿ ಬಣ್ಣ ಮಾತ್ರ ಮಣ್ಣು ಕೊಟ್ಟದ್ದು. ನೆಲದ ಕಬ್ಬಿಣ ದಂತದ ರಂಜಕದ ಜೊತೆ ಸೇರಿ ವಿವಿಯನೈಟ್ ಅನ್ನೋ ಖನಿಜ ಆಗುತ್ತದೆ. ಈ ತುಂಡಿನ ಅಂಚಲ್ಲಿ ಅದು ಮಳೆಗಾಲದ ಮೋಡದ ಬಣ್ಣಕ್ಕಿದೆ, ಒಳಗೆ ಹೋದಂತೆ ಕೆನೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಉಜ್ಜಿ ತೆಗೆದು ಬೆಳ್ಳಗೆ ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಪದಕ ಅತ್ತಿಗೆಗೆ. ನಿನ್ನೆ ಅವರು ಫೋನಿನಲ್ಲಿ ಕೇಳಿದ್ದರು, "ಇದು ಆನೆದಂತ ಅಲ್ಲ ಅಂತ ಹೇಗಮ್ಮಾ ನಂಬೋದು?" ಕೇಳಲೇಬೇಕಾದ ಪ್ರಶ್ನೆ. ಮ್ಯಾಮತ್ ಅಂತ ಹೇಳಿ ಆನೆದಂತ ಮಾರುವವರು ಇದ್ದಾರೆ. ಅದೇ ಭಯಕ್ಕೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ರಾಜ್ಯಗಳು ಮ್ಯಾಮತ್ ದಂತದ ಮಾರಾಟವನ್ನೂ ತಡೆದಿವೆ. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ಬದುಕಿರುವ ಆನೆಗಿಂತ ನನ್ನ ಕೆಲಸ ದೊಡ್ಡದಲ್ಲ.

ಈ ಸಿಪ್ಪೆ ಬಂದ ದಂತದ ಅಡ್ಡ ಕೊಯ್ದ ಬಿಲ್ಲೆ ನನ್ನ ಹತ್ತಿರ ಇದೆ. ನುಣ್ಣಗೆ ಉಜ್ಜಿ ಭೂತಗನ್ನಡಿ ಹಿಡಿದರೆ ಚಾಪೆ ಹೆಣೆದ ಹಾಗೆ ಗೆರೆಗಳು ಒಂದನ್ನೊಂದು ದಾಟುವುದು ಕಾಣುತ್ತದೆ. ಶ್ರೇಗರ್ ಗೆರೆಗಳು. ಸಿಪ್ಪೆಯ ಹತ್ತಿರದ ಗೆರೆಗಳನ್ನೇ ನೋಡಬೇಕು, ನಡುವಿನವು ದಾರಿ ತಪ್ಪಿಸುತ್ತವೆ. ಅಲ್ಲಿ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಮ್ಯಾಮತ್, 115 ದಾಟಿದರೆ ಈಗಿನ ಆನೆ. ನಡುವೆ ಬಿದ್ದರೆ ಒಂದೇ ಕೋನ ನಂಬಬಾರದು, ಹಲವು ಕಡೆ ಅಳೆಯಬೇಕು. ನನ್ನದು ಎಲ್ಲಿ ಅಳೆದರೂ 80ರ ಒಳಗೇ ಬಂತು. ಫೋಟೋ ತೆಗೆದು ಅತ್ತಿಗೆಗೆ ಕಳಿಸಿದೆ.

ಇಷ್ಟೆಲ್ಲ ಜಾಗ್ರತೆ ಮಾಡಿ ಆಮೇಲೆ ದಾರ ಪೋಣಿಸುವ ತೂತು ಕೊರೆಯುವಾಗ ಎಡವಿದೆ. ಡ್ರಿಲ್ ಸ್ವಲ್ಪ ಜಾಸ್ತಿ ವೇಗದಲ್ಲಿತ್ತು. ಬಿಸಿ ಏರಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಟಕ್ ಅಂತ ಸಣ್ಣ ಸದ್ದು. ದಂತ ಬೆಳೆಯುವುದು ಪದರ ಪದರವಾಗಿ. ಬಿಸಿ ತಾಗಿದರೆ ಆ ಪದರಗಳೇ ಬಿಡಿಸಿಕೊಳ್ಳುತ್ತವೆ. ತೂತಿನ ಪಕ್ಕ ಉಗುರಿನಷ್ಟು ಪದರ ಮೇಲೆದ್ದಿತ್ತು. ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ನೆಲ ಕಾಪಾಡಿದ್ದನ್ನು ನಾನು ಒಂದು ಕ್ಷಣದಲ್ಲಿ ಸೀಳಿದ್ದೆ.

ತೆಳ್ಳನೆಯ ಸೂಪರ್ ಗ್ಲೂ ಒಂದೇ ಹನಿ ಬಿಟ್ಟೆ. ಬಿರುಕು ತಾನೇ ಅದನ್ನು ಒಳಗೆ ಎಳೆದುಕೊಂಡಿತು. ಬಟ್ಟೆ ಸುತ್ತಿ, ಮೆಲ್ಲಗೆ ಕ್ಲ್ಯಾಂಪ್ ಹಾಕಿ ಸುಮ್ನೆ ಕೂತೆ.

ಕೂತಾಗ ಸುಂಗೀರ್ ನೆನಪಾಯಿತು. ರಷ್ಯಾದ ಆ ಶಿಲಾಯುಗದ ಸಮಾಧಿಗಳಲ್ಲಿ ಒಬ್ಬ ಗಂಡಸು, ಇಬ್ಬರು ಮಕ್ಕಳ ಜೊತೆ 13,000ಕ್ಕೂ ಹೆಚ್ಚು ಮ್ಯಾಮತ್ ದಂತದ ಮಣಿಗಳು ಸಿಕ್ಕಿವೆ. ಅಷ್ಟೂ ಮಣಿಗಳಿಗೆ ತೂತು! ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ, ಮ್ಯಾಮತ್ ದಂತದ್ದೇ ಆದ ಹೆಣ್ಣಿನ ಮೂರ್ತಿ 6 ಸೆಂಟಿಮೀಟರ್ ಎತ್ತರ, 35,000 ವರ್ಷಕ್ಕೂ ಹಳೆಯದು. ತಲೆಯ ಜಾಗದಲ್ಲಿ ಪುಟ್ಟ ಬಳೆ ಕೆತ್ತಿದ್ದಾರೆ, ದಾರ ಪೋಣಿಸಲು ಇರಬೇಕು. ಎಲ್ಲಾ ಕಲ್ಲಿನ ಉಪಕರಣದಲ್ಲೇ. ಅವರಿಗೆ ಮೋಟಾರ್ ಇರಲಿಲ್ಲ, ಅಲ್ವಾ?

ಡ್ರಿಲ್ ಪ್ಲಗ್ ತೆಗೆದೆ. ಅದರ ಕೊರೆಯುವ ಮೊಳೆಯನ್ನು, ಅಂದರೆ ಬಿಟ್ ಅನ್ನು, ಕೈ ಹಿಡಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿದೆ. ಹತ್ತು ಸುತ್ತು, ಪುಡಿ ಊದುವುದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಹತ್ತು ಸುತ್ತು. ಮಾಸ್ಕ್ ತೆಗೆಯಲಿಲ್ಲ, ಈ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಂದೂವರೆ ಗಂಟೆಯ ಮೇಲೆ ಬಿಟ್ ತುದಿ ಆಚೆ ಕಡೆ ಕಂಡಿತು. ಅಂಚು ಒಂದು ಚೂರೂ ಒಡೆದಿರಲಿಲ್ಲ.

ಆಮೇಲೆ 400, 800, 1200ರ ಸ್ಯಾಂಡ್ ಪೇಪರ್, ಒಳಮುಖಕ್ಕೆ ಮಾತ್ರ. ಸಿಪ್ಪೆಯ ಕಡೆ ಮೇಣ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆ, ಅಷ್ಟೇ. ಅಂಟಿಸಿದ ಗೆರೆ ಬೆಳಕಿಗೆ ಓರೆ ಹಿಡಿದರೆ ಕೂದಲೆಳೆಯಷ್ಟು ಕಾಣುತ್ತದೆ. ಅತ್ತಿಗೆಗೆ ಅದನ್ನೂ ತೋರಿಸಿಯೇ ಕೊಡುತ್ತೇನೆ. ಸ್ನಾನಕ್ಕೆ ಮುಂಚೆ ತೆಗೆದಿಡಿ, ಬಿಸಿಲಲ್ಲಿ ಬಿಡಬೇಡಿ ಅಂತ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ.