ಕಾಳಿ ನದಿ ದಂಡೆಯ ಲಾಂಗ್ ರನ್: 2024ರ ಅಕ್ಟೋಬರಿನಿಂದ ಡಿಸೆಂಬರ್ ತನಕ

ಮುಂಬೈ ಮ್ಯಾರಥಾನ್ 2025ರ ಜನವರಿ 19ಕ್ಕೆ. 42.195 ಕಿಲೋಮೀಟರನ್ನು ನಾಲ್ಕೂ ಮುಕ್ಕಾಲು ತಾಸಿನೊಳಗೆ ಮುಗಿಸಬೇಕು ಅಂತ ಗುರಿ ಇಟ್ಟುಕೊಂಡಿದ್ದೇನೆ. ಅಂದರೆ ಕಿಲೋಮೀಟರಿಗೆ 6 ನಿಮಿಷ 45 ಸೆಕೆಂಡ್. ವಾರದ ನಡುವಿನ ಸಣ್ಣ ಓಟಗಳ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಅವು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಭಾನುವಾರದ ಲಾಂಗ್ ರನ್, ಅಂದರೆ ವಾರಕ್ಕೊಮ್ಮೆಯ ಉದ್ದದ ಅಭ್ಯಾಸ ಓಟ, ಹಾಗಲ್ಲ. ಬೆಂಗಳೂರಿನ ಹವೆಗೆ ಹೊಂದುವ ತಯಾರಿಯ ಪಟ್ಟಿಯನ್ನು ಕಾರವಾರಕ್ಕೆ ತಂದು ಹಾಗೇ ಓಡಿದರೆ ಅರ್ಧ ದಾರಿಯಲ್ಲಿ ಮೈ ಬೇಯುತ್ತದೆ.

ಅದಕ್ಕೇ ಈ ಸಲ ಲಾಂಗ್ ರನ್ನನ್ನು ಕಿಲೋಮೀಟರಿನಲ್ಲಿ ಅಳೆಯುತ್ತಿಲ್ಲ, ತಾಸಿನಲ್ಲಿ ಅಳೆಯುತ್ತಿದ್ದೇನೆ. ವೇಗವನ್ನು ಎದೆಬಡಿತಕ್ಕೆ ಬಿಟ್ಟಿದ್ದೇನೆ. ನಿಮಿಷಕ್ಕೆ 145 ದಾಟಿದರೆ ನಿಧಾನ, ಆಗಲೂ ಇಳಿಯದಿದ್ದರೆ ನಡಿಗೆ. ಎಷ್ಟೇ ಚೆನ್ನಾಗಿ ಸಾಗುತ್ತಿದ್ದರೂ ಮೂರೂವರೆ ತಾಸಿಗೆ ಓಟ ಮುಗಿಯಿತು. ಹೆಚ್ಚಿನ ಪಟ್ಟಿಗಳಲ್ಲಿ 32 ಕಿಲೋಮೀಟರ್ ಅಂತ ಇರುತ್ತದೆ. ತಾಸಿಗೆ ಹನ್ನೆರಡು ಕಿಲೋಮೀಟರ್ ಓಡುವವರಿಗೆ ಅದು ಮೂರು ತಾಸಿನೊಳಗಿನ ಕೆಲಸ. ನನ್ನ ನಿಧಾನದ ಓಟಕ್ಕೆ ಅದೇ ದೂರ ಹತ್ತಿರ ಹತ್ತಿರ ನಾಲ್ಕು ತಾಸು. ಆ ಕೊನೆಯ ಅರ್ಧ ತಾಸಿನಲ್ಲಿ ಸಿಗುವ ಲಾಭಕ್ಕಿಂತ ಕಾಲು ಸುಧಾರಿಸಿಕೊಳ್ಳಲು ಹೋಗುವ ದಿನಗಳೇ ಜಾಸ್ತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಟೋಬರ್

ಮಳೆ ಹಿಂದೆ ಸರಿಯುವ ತಿಂಗಳು. ಬೆಳಗಿನ ಐದಕ್ಕೂ ಸೆಕೆ ಬಿಟ್ಟಿರುವುದಿಲ್ಲ. ಎರಡೂವರೆ ತಾಸಿನ ಓಟ, ದೂರ ಬರೀ 19 ಕಿಲೋಮೀಟರ್. ಮೊದಲ ಒಂದು ತಾಸು ಕಿಲೋಮೀಟರಿಗೆ ಏಳೂವರೆ ನಿಮಿಷದಲ್ಲಿ ಆರಾಮಾಗಿ ಹೋಗುತ್ತದೆ. ಆಮೇಲೆ ಅದೇ ವೇಗಕ್ಕೆ ಎದೆಬಡಿತ ತಾನಾಗಿ ಏರುತ್ತದೆ. ಒಳಗಿನ ಶಾಖವನ್ನು ಹೊರಹಾಕಲು ದೇಹ ರಕ್ತವನ್ನು ಹೊರಮೈ ಕಡೆ ಕಳಿಸುತ್ತದೆ, ಬೆವರಿನಲ್ಲಿ ರಕ್ತದ ನೀರಿನಂಶವೂ ಇಳಿಯುತ್ತದೆ. ಪ್ರತಿ ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾದಾಗ ಅದು ಹೆಚ್ಚು ಸಲ ಬಡಿಯಲೇಬೇಕು.

ಬೆವರು ಬಂದರೆ ಮೈ ತಣಿಯಿತು ಅಂತಲ್ಲ. ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಏನನ್ನೂ ಒಯ್ಯುವುದಿಲ್ಲ. ಕರಾವಳಿಯ ಅಕ್ಟೋಬರಿನಲ್ಲಿ ಅಂಗಿಯ ಅಂಚಿನಿಂದ ಸುರಿಯುವುದೇ ಹೆಚ್ಚು. ಒಂದು ಸಮಾಧಾನವಿದೆ: ಸೆಕೆಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಬಿಡದೆ ಹದವಾಗಿ ದುಡಿದರೆ ದೇಹ ರಕ್ತದ ನೀರಿನಂಶವನ್ನು ಹೆಚ್ಚಿಸಿಕೊಳ್ಳುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ಹಾಗಾಗಿ ನಿಧಾನವಾದ ಈ ಓಟಗಳು ದಂಡವಲ್ಲ ಅಂತ ನಂಬಿ ಓಡಿದ್ದೇನೆ.

ದಾರಿಯ ವಿಷಯ. ಸದಾಶಿವಗಡ ದಾಟಿ ಮಾಜಾಳಿ ಕಡೆ ಹೋಗುವುದನ್ನು ಈ ವರ್ಷ ಬಿಟ್ಟಿದ್ದೇನೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೇ ಹೋಗುತ್ತಿವೆ. ಕತ್ತಲಲ್ಲಿ ಲಾರಿಗಳ ಪಕ್ಕ ಓಡುವುದು ಬೇಡ. ಉಳಿದದ್ದು ಕದ್ರಾ ರಸ್ತೆ: ಶಿರವಾಡ, ಕಡವಾಡ, ಕಿನ್ನರ, ಅಲ್ಲಿಂದ ಸಿದ್ದರದ ಕಡೆ. ನೆರಳಿದೆ, ವಾಹನ ಕಡಿಮೆ, ನದಿ ಆಗಾಗ ಪಕ್ಕಕ್ಕೆ ಬರುತ್ತದೆ. ಕೈಗಾ ಕಡೆಯ ಬಸ್ಸುಗಳು ಬಂದಾಗ ಮಾತ್ರ ಡಾಂಬರು ಬಿಟ್ಟು ಇಳಿಯಬೇಕು. ಭಾವ ಸ್ಕೂಟರಿನಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಹಿಂದೆ ಮುಂದೆ ಬರುತ್ತಾರೆ. ಅವರಿಲ್ಲದಿದ್ದರೆ ನಾಲ್ಕೂವರೆಗೆ ಆ ರಸ್ತೆಗೆ ಒಬ್ಬಳೇ ಇಳಿಯುತ್ತಿರಲಿಲ್ಲ.

ಕುಡಿಯುವುದು, ತಿನ್ನುವುದು

ಓಟದ ಮೊದಲು, ಆಮೇಲೆ ತೂಕ ನೋಡುತ್ತೇನೆ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ, ಕುಡಿದದ್ದನ್ನು ಅದಕ್ಕೆ ಕೂಡಿಸಬೇಕು. ತೂಕ ಏರಿದ್ದರೆ ಅದು ಅಪಾಯದ ಗುರುತು. ಬರೀ ನೀರನ್ನು ಅತಿಯಾಗಿ ಕುಡಿದು ರಕ್ತದ ಸೋಡಿಯಂ ತೆಳುವಾದರೆ ಪ್ರಾಣಕ್ಕೇ ಕುತ್ತು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಸೋಡಿಯಂ.

ನನ್ನ ಬಾಟಲಿಯಲ್ಲಿ ಇರುವುದು ಮುರುಗಲು (ಕೋಕಂ) ಪಾನಕ. ಒಣಸಿಪ್ಪೆಯನ್ನು ರಾತ್ರಿ ನೆನೆಸಿ, ಹಿಂಡಿ, ಲೀಟರಿಗೆ 2 ಗ್ರಾಂ ಉಪ್ಪು. ಉಪ್ಪಿನ ತೂಕದಲ್ಲಿ ನೂರಕ್ಕೆ ನಲವತ್ತು ಪಾಲು ಸೋಡಿಯಂ, ಅಂದರೆ ಲೀಟರಿಗೆ 800 ಮಿಲಿಗ್ರಾಂ. ಉಪ್ಪು ಸಾಣಿಕಟ್ಟೆಯದು. ಬೇರೆ ಉಪ್ಪಾದರೂ ಕೆಲಸ ಅದೇ, ಆದರೆ ಗೋಕರ್ಣದ ಪಕ್ಕದ ಗದ್ದೆಗಳಲ್ಲಿ ಬೆಳೆದ ಉಪ್ಪು ಮನೆಯಲ್ಲೇ ಇರುವಾಗ ಬೇರೆ ಯಾಕೆ? ಸಕ್ಕರೆಯ ಜಾಗಕ್ಕೆ ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಒಂದೂವರೆ ಎರಡು ತಾಸಿಗೆ ಬಹುಪಾಲು ಕರಗುತ್ತದೆ, ಅದಕ್ಕೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊರಗಿನಿಂದ ಹೋಗಬೇಕು. ಜೋನಿ ಬೆಲ್ಲದ ಒಂದು ದೊಡ್ಡ ಚಮಚದಲ್ಲಿ ಸುಮಾರು ಹದಿನಾಲ್ಕು ಗ್ರಾಂ ಸಿಗುತ್ತದೆ. ತಾಸಿಗೆ ಮೂರು ಚಮಚ, ಇಪ್ಪತ್ತು ನಿಮಿಷಕ್ಕೊಂದರಂತೆ. ಮೂರು ತಾಸಾದ ಮೇಲೂ ಹೊಟ್ಟೆ ತಕರಾರು ಮಾಡಿಲ್ಲ. ಓಟಗಾರರು ತಿನ್ನುವ ಅಂಗಡಿಯ ಎನರ್ಜಿ ಜೆಲ್ ಈ ಸಲ ಕೊಂಡೇ ಇಲ್ಲ.

ನವೆಂಬರ್

ಗಾಳಿ ತಿರುಗಿತು. ಈ ತಿಂಗಳು ಕಲಿತದ್ದು ಬಹಳ.

ಮಳೆಗಾಲ ಕಳೆದ ಮೇಲೆ ರಾತ್ರಿ ಘಟ್ಟದ ನೆಲ ಬೇಗ ತಣಿಯುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ತಣ್ಣನೆಯ ಗಾಳಿ ಕಾಳಿಯ ಕಣಿವೆ ಹಿಡಿದು ಪಡುವಣಕ್ಕೆ ಇಳಿಯುತ್ತದೆ. ಊರಿಂದ ಸಿದ್ದರದ ಕಡೆ ಹೋಗುವಾಗ ಅದು ಎದುರು ಗಾಳಿ, ಬರುವಾಗ ಬೆನ್ನ ಗಾಳಿ. ಹೋಗುವಾಗ ಕಷ್ಟ, ಬರುವಾಗ ಸುಖ ಅಂತ ಯಾರಿಗಾದರೂ ಅನಿಸಬೇಕು. ನನ್ನ ಗಡಿಯಾರ ತೋರಿಸಿದ್ದು ತಿರುಗಾಮುರುಗಾ. ಎದುರು ಗಾಳಿಯಲ್ಲಿ 138-140ರಲ್ಲಿ ನಿಂತ ಬಡಿತ, ತಿರುಗಿದ ಹತ್ತೇ ನಿಮಿಷಕ್ಕೆ 145 ಮುಟ್ಟುತ್ತಿತ್ತು. ವೇಗ ಅದೇ, ರಸ್ತೆಯೂ ಅದೇ.

ಕಾರಣ ಸರಳ. ನಾನು ಓಡುವುದು ತಾಸಿಗೆ ಎಂಟು ಕಿಲೋಮೀಟರ್. ಬೆನ್ನ ಹಿಂದಿನ ಗಾಳಿಯೂ ಅಷ್ಟೇ ವೇಗದಲ್ಲಿ ಬಂದರೆ ಮೈಗೆ ಗಾಳಿ ತಾಗುವುದೇ ಇಲ್ಲ. ಮೈ ಸುತ್ತಲಿನ ಹಸಿಗಾಳಿ ಅಲ್ಲೇ ನಿಲ್ಲುತ್ತದೆ, ಬೆವರು ಆರುವುದಿಲ್ಲ. ಅದೂ ದಣಿವು ಹೆಚ್ಚಿರುವ, ಬಿಸಿಲು ಏರುವ ಎರಡನೇ ಅರ್ಧದಲ್ಲಿ.

ಭಾವನಿಗೆ ಹೇಳಿದೆ: "ಭಾವ, ನೀವು ನನ್ನನ್ನು ಮೊದಲೇ ಸಿದ್ದರಕ್ಕೆ ಬಿಟ್ಟುಬಿಡಿ. ಅಲ್ಲಿಂದ ಊರ ಕಡೆ ಓಡಿ, ಮತ್ತೆ ಅಲ್ಲಿಗೇ ವಾಪಸ್ ಬರ್ತೇನೆ."

"ಮನೆ ಮುಟ್ಟಿದ ಮೇಲೆ ಮತ್ತೆ ಹಿಂದೆ ಓಡೂದಾ ಮಾರಾಯ್ತಿ? ಮನಸ್ಸು ಬರ್ತದಾ?"

ಮನಸ್ಸು ಬರುವುದು ಕಷ್ಟವೇ. ಆದರೆ ಕತ್ತಲಲ್ಲಿ, ತಂಪಿನಲ್ಲಿ ಬೆನ್ನ ಗಾಳಿ ಮುಗಿದುಹೋಗುತ್ತದೆ. ಬೆಳಕಾದ ಮೇಲೆ ಮುಖಕ್ಕೆ ಗಾಳಿ ಸಿಗುತ್ತದೆ. ಎಂಟರ ಮೇಲೆ ಗಾಳಿ ಸಡಿಲವಾಗುವುದರಿಂದ ಅಷ್ಟರೊಳಗೆ ಮುಗಿಸಬೇಕು. ಇದೇ ಕ್ರಮದಲ್ಲಿ ಮೂರು ತಾಸು ಓಡಿದಾಗ ಕೊನೆಯ ತಾಸಿನ ವೇಗ ಕಿಲೋಮೀಟರಿಗೆ 7 ನಿಮಿಷ 25 ಸೆಕೆಂಡ್. ಮನೆಯಿಂದ ಹೊರಟ ದಿನಗಳಲ್ಲಿ ಅದು 7:50ರ ಆಸುಪಾಸು ಇರುತ್ತಿತ್ತು. ಬಡಿತದ ಮಿತಿ ಎರಡಕ್ಕೂ ಒಂದೇ. ಕಣಿವೆ ದಾರಿಯಲ್ಲಿ ಓಡುವ ಕರಾವಳಿಯವರು ಯಾರಾದರೂ ಇದನ್ನೊಮ್ಮೆ ಮಾಡಿ ನೋಡಲಿ ಅಂತ ನನಗೆ ತುಂಬ ಆಸೆ.

ಡಿಸೆಂಬರ್ ಮೊದಲ ವಾರ

ಫೆಂಗಲ್ ಚಂಡಮಾರುತದ ಉಳಿಕೆ ಈ ಕಡೆ ಹಾದುಹೋಯಿತು. ಮೋಡ, ಸೆಕೆ, ಮಳೆ. ಎರಡು ತಾಸಿಗೆ ನಿಲ್ಲಿಸಿದೆ.

ಡಿಸೆಂಬರ್ 15

ಹುಣ್ಣಿಮೆ ಭಾನುವಾರಕ್ಕೇ ಬಂತು. ನಮ್ಮ ಕಡಲಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ನಸುಕಿನಲ್ಲಿ ಇಳಿತ. ಟಾಗೋರ್ ಕಡಲತೀರದಲ್ಲಿ ನೀರು ಹಿಂದೆ ಸರಿದು ಹಸಿ ಮರಳು ಗಟ್ಟಿಯಾಗಿ ಸಿಗುತ್ತದೆ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಮುಂದಿನ ಭಾನುವಾರ ಈ ಅನುಕೂಲ ಇರುವುದಿಲ್ಲ. ಮೊದಲ ನಲವತ್ತು ನಿಮಿಷ ಮಾತ್ರ ಮರಳಿನಲ್ಲಿ, ಶೂ ಹಾಕಿಕೊಂಡೇ. ಅದಕ್ಕಿಂತ ಹೆಚ್ಚಾದರೆ ಮೀನಖಂಡ ಬಿಗಿಯುತ್ತದೆ. ತೀರ ಕಡಲ ಕಡೆ ವಾಲಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಅದೇ ಗೆರೆಯಲ್ಲಿ ವಾಪಸ್ ಬಂದರೆ ಎರಡೂ ಕಾಲಿಗೆ ಸರಿಸಮ. ದಡಕ್ಕೆ ಯೆಂಡಿ ಎನ್ನುವ ಮೀನಿನ ಬಲೆ ಎಳೆಯುತ್ತಿದ್ದವರ ಹಗ್ಗ ಅಡ್ಡ ಬಂದಲ್ಲಿ ನಿಂತು, ಅವರು ಕೈಸನ್ನೆ ಮಾಡಿದ ಮೇಲೆ ದಾಟಿದೆ. ಆ ದಡ ಮೊದಲು ಅವರದು. ಉಳಿದ ಎರಡೂ ಮುಕ್ಕಾಲು ತಾಸು ರಸ್ತೆ.

ಡಿಸೆಂಬರ್ 29

ಎಲ್ಲಕ್ಕಿಂತ ಉದ್ದದ ಓಟ. ಮೂರೂವರೆ ತಾಸು, 29 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು.

ಈ ಸಲ ಗಾಳಿಯ ಲೆಕ್ಕ ಬದಿಗಿಟ್ಟು ಏರನ್ನು ಕೊನೆಗೆ ಇಟ್ಟೆ. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಓಟದ ಕೊನೆಯ ಭಾಗದಲ್ಲಿ ಬರುತ್ತದೆ. ದೊಡ್ಡ ಏರೇನಲ್ಲ, ಆದರೆ ಅಷ್ಟು ಹೊತ್ತಿಗೆ ಕಾಲಲ್ಲಿ ಏನೂ ಉಳಿದಿರುವುದಿಲ್ಲ. ಕಿನ್ನರದ ತನಕ ಹೋಗಿ ಬಂದು, ಊರು ದಾಟಿ, ಬೈತಖೋಲದ ಮೇಲಿಂದ ಬಿಣಗಾ ಘಟ್ಟ ಹತ್ತಿದಾಗ ಮೂರು ತಾಸು ಕಳೆದಿತ್ತು. ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ, ವೇಗ ನೋಡದೆ, ಉಸಿರನ್ನಷ್ಟೇ ಗಮನಿಸಿದೆ. ಬಡಿತ 152ಕ್ಕೆ ಹೋಯಿತು. ಮೇಲೆ ಮುಟ್ಟಿದ ಎರಡು ನಿಮಿಷಕ್ಕೆ 144. ಅಕ್ಟೋಬರಿನಲ್ಲಿ ಇಷ್ಟು ಬೇಗ ಇಳಿಯುತ್ತಲೇ ಇರಲಿಲ್ಲ. ಆ ಅಂಕಿ ನೋಡಿ ರಸ್ತೆಯಲ್ಲೇ ಕೂಗಿಬಿಟ್ಟೆ, ಭಾವ ಗಾಬರಿಯಿಂದ ಸ್ಕೂಟರ್ ತಿರುಗಿಸಿ ಬಂದರು.

ಇನ್ನು ರೇಸಿಗೆ ಮೊದಲು ಓಟದ ಹೊರೆ ಇಳಿಸುವ ವಾರಗಳು. ಜನವರಿ 5ಕ್ಕೆ ಎರಡು ತಾಸು, 12ಕ್ಕೆ ಒಂದೂ ಕಾಲು. ಎರಡರಲ್ಲೂ ಕೊನೆಯ ಇಪ್ಪತ್ತು ನಿಮಿಷ ರೇಸಿನ ವೇಗ. 16ಕ್ಕೆ ಮುಂಬೈಗೆ ಮತ್ಸ್ಯಗಂಧ ರೈಲಿನ ಟಿಕೆಟ್ ಆಗಿದೆ. ಜೋನಿ ಬೆಲ್ಲ, ಮುರುಗಲು ಸಿಪ್ಪೆ, ಪೊಟ್ಟಣ ಕಟ್ಟಿದ ಉಪ್ಪು ಎಲ್ಲ ಇಲ್ಲಿಂದಲೇ ಹೋಗುತ್ತವೆ, ರೇಸಿನ ದಿನ ಹೊಸದೊಂದನ್ನೂ ಬಾಯಿಗೆ ಹಾಕುವುದಿಲ್ಲ.