ಆರುನೂರು ಕೋಳಿ ಮತ್ತು ಸರ್ವರ್ ಬಾಡಿಗೆ

ಪ್ರತಿ ತಿಂಗಳು 5ನೇ ತಾರೀಕಿಗೆ ಫೋನ್‌ಗೆ ಒಂದು ಬಿಲ್ ಬರುತ್ತದೆ. ಬಾಡಿಗೆ 1,900 ರೂಪಾಯಿ, ಅದಕ್ಕೆ 18% ಜಿಎಸ್‌ಟಿ 342, ಒಟ್ಟು 2,242. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ದಿನವಿಡೀ ಬೇರೆಯವರ ಲಾಭ ಕೂಡಿಸಿ, ರಾತ್ರಿ ರೂಮಿಗೆ ಬಂದು ನನ್ನ ನಷ್ಟ ನೋಡುತ್ತೇನೆ. ಆ ಬಿಲ್ ನಾನು ನಡೆಸುವ ಮೈನ್‌ಕ್ರಾಫ್ಟ್ ಸರ್ವರ್‌ನ ಬಾಡಿಗೆ. ಮೈನ್‌ಕ್ರಾಫ್ಟ್ ಅಂದರೆ ಒಂದೇ ಲೋಕದೊಳಗೆ ಹಲವರು ಸೇರಿ ಮರ ಕಡಿದು, ಮನೆ ಕಟ್ಟಿ ಆಡುವ ಕಂಪ್ಯೂಟರ್ ಆಟ. ಆ ಲೋಕವನ್ನು ನಡೆಸುವ ಕಂಪ್ಯೂಟರೇ ಸರ್ವರ್.

ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ, ಹೊಸನಗರದ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ. ಹಳೇ ಲ್ಯಾಪ್‌ಟಾಪ್ ಇತ್ತು, ಖರ್ಚಿಲ್ಲ ಅಂದುಕೊಂಡೆ. ಆದರೆ ನಮ್ಮ ಇಂಟರ್ನೆಟ್ ಕನೆಕ್ಷನ್‌ಗೆ ಸ್ವಂತ ಐಪಿ ವಿಳಾಸವೇ, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ಮನೆ ನಂಬರೇ, ಇರಲಿಲ್ಲ. ಒಂದೇ ವಿಳಾಸವನ್ನು ಎಷ್ಟೋ ಮನೆಗೆ ಹಂಚಿಬಿಟ್ಟಿರುತ್ತಾರೆ. ಹಾಗಾಗಿ ಹೊರಗಿನಿಂದ ಯಾರೂ ಒಳಗೆ ಬರೋಕಾಗಲ್ಲ. ಅದಕ್ಕೊಂದು ದಾರಿ ಹುಡುಕುವಷ್ಟರಲ್ಲಿ ಮಳೆ ಹಿಡಿಯಿತು. ಲಿಂಗನಮಕ್ಕಿ ಹಿನ್ನೀರು ನಮ್ಮ ಗುಡ್ಡದ ಮೇಲಿಂದ ಕಾಣುತ್ತದೆ, ಆದರೂ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಕೊನೆಗೆ ತಿಂಗಳಿಗೆ 700 ರೂಪಾಯಿ ಕೊಟ್ಟು ಜರ್ಮನಿಯಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದೆ. ಅಗ್ಗವೇನೋ ಹೌದು. ಆದರೆ ಇಲ್ಲಿ ಕೊಡಲಿ ಬೀಸಿದರೆ ಅಲ್ಲಿ ಮರಕ್ಕೆ ತಾಗುವುದು ಸ್ವಲ್ಪ ಹೊತ್ತಿನ ಮೇಲೆ. ಹುಡುಗರು ಬೈದರು, ಮುಂಬೈಗೆ ಬದಲಾಯಿಸಿದೆ. ಬಾಡಿಗೆ ಏರಿತು.

ಆಮೇಲೆ ಬಂದಿದ್ದು ಕೋಳಿ ಕಥೆ.

ಮೈನ್‌ಕ್ರಾಫ್ಟ್ ಸರ್ವರ್ ಒಂದು ಸೆಕೆಂಡಿಗೆ 20 ಸಲ ಇಡೀ ಲೋಕದ ಲೆಕ್ಕ ಹಾಕುತ್ತದೆ. ಗಿಡ ಬೆಳೆಯಿತಾ, ನೀರು ಹರಿಯಿತಾ, ಕೋಳಿ ಹೆಜ್ಜೆ ಇಟ್ಟಿತಾ, ಎಲ್ಲ. ಒಂದೊಂದು ಸಲಕ್ಕೆ ಸಿಗುವುದು 50 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಆಟ ಎಳೆಯುತ್ತದೆ. ಒಂದು ವಾರ ನಮ್ಮಲ್ಲಿ 20 ಇದ್ದದ್ದು 11ಕ್ಕೆ ಇಳಿದಿತ್ತು. ನಾನು ಹಿಂದೆಮುಂದೆ ನೋಡದೆ 4 ಜಿಬಿ ಮೆಮೊರಿಯನ್ನು 8 ಜಿಬಿ ಮಾಡಿಸಿದೆ. ಬಾಡಿಗೆ 1,900 ಆಗಿದ್ದು ಆಗಲೇ. ಆಟ ಮಾತ್ರ 11ರಲ್ಲೇ ನಿಂತಿತ್ತು. ರಾತ್ರಿ ಒಂದು ಗಂಟೆಗೆ ಲೋಕವೆಲ್ಲ ತಿರುಗಿ ಹುಡುಕಿದರೆ, ಭದ್ರಾವತಿಯ ಒಬ್ಬ ಹುಡುಗ ನೆಲದಡಿಯಲ್ಲಿ ನಾಲ್ಕು ಅಂತಸ್ತಿನ ಕೋಳಿಗೂಡು ಕಟ್ಟಿದ್ದ. ಎಣಿಸಿದೆ. ಆರುನೂರಕ್ಕೂ ಜಾಸ್ತಿ.

ಈ ಆಟದ ಮುಖ್ಯ ಕೆಲಸವೆಲ್ಲ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಬೀಳುತ್ತದೆ. ಮೆಮೊರಿ ಜಾಸ್ತಿ ಮಾಡುವುದೆಂದರೆ ಒಬ್ಬನೇ ಕೊನೆಗಾರ ಇರುವ ತೋಟಕ್ಕೆ ಇನ್ನೆರಡು ಅಂಗಳ ಮಾಡಿಸಿದ ಹಾಗೆ. ಅಂಗಳ ಎಷ್ಟಿದ್ದರೇನು, ಮರ ಹತ್ತುವವನು ಒಬ್ಬನೇ ಅಲ್ವಾ? ಬೆಳಿಗ್ಗೆ ಹುಡುಗನಿಗೆ ಹೇಳಿ ಕೋಳಿ ಖಾಲಿ ಮಾಡಿಸಿದೆ. ಅವನು ಎರಡು ದಿನ ಮಾತು ಬಿಟ್ಟ.

ಇಷ್ಟು ಖರ್ಚು ಬಂದಮೇಲೆ ಹಣ ಹುಟ್ಟಿಸಬೇಕಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 199 ರೂಪಾಯಿ ಕೊಟ್ಟರೆ ವಿಐಪಿ, ಜೊತೆಗೆ ವಜ್ರದ ಕತ್ತಿ, ವಜ್ರದ ಕವಚ. ಒಂದೇ ತಿಂಗಳಲ್ಲಿ 14 ಜನ ತಗೊಂಡರು. 2,786 ರೂಪಾಯಿ! ಜೀವನದಲ್ಲಿ ಮೊದಲ ಸಲ ಸರ್ವರ್ ಲಾಭದಲ್ಲಿತ್ತು.

ಅದು ತಪ್ಪು ಅಂತ ಗೊತ್ತಾಗಿದ್ದು ಆಮೇಲೆ. ಆಟದಲ್ಲಿ ಮೇಲುಗೈ ಕೊಡುವಂಥದ್ದನ್ನು ಮಾರುವ ಹಾಗಿಲ್ಲ ಎಂಬ ನಿಯಮವನ್ನು ಆಟ ಮಾಡಿದ ಮೊಜಾಂಗ್ ಕಂಪನಿ 2014ರಲ್ಲೇ ಬಿಗಿ ಮಾಡಿತ್ತು. ಟೋಪಿ, ಬಣ್ಣ, ಹೆಸರಿನ ಮುಂದೆ ಒಂದು ಬಿರುದು, ಇಂಥ ಶೋಕಿ ಮಾರಬಹುದು. ಕತ್ತಿ ಮಾರೋಕಾಗಲ್ಲ. ನಿಯಮ ಓದಿದಾಗ ನನಗೆ ನೆನಪಾಗಿದ್ದು ಟೆಂಟ್ ಮೇಳದ ಯಕ್ಷಗಾನ. ನೆಲಕ್ಕೊಂದು ಟಿಕೆಟ್, ಕುರ್ಚಿಗೊಂದು ಟಿಕೆಟ್. ಕುರ್ಚಿಯವನು ಹಾಯಾಗಿ ಕೂತು ನೋಡಬಹುದು. ಆದರೆ ಜಾಸ್ತಿ ದುಡ್ಡು ಕೊಟ್ಟೆ ಅಂತ ಭೀಮನ ಗದೆ ಕೇಳಿದರೆ?

ಈ ನಿಯಮ ನನಗೆ ಗೊತ್ತಾಗುವ ಮೊದಲೇ ಒಂದು ಫೋನ್ ಬಂದಿತ್ತು. ಮಂಡಿಯಲ್ಲಿದ್ದೆ, ತೂಕ ನಡೆಯುತ್ತಿತ್ತು. "ಯಾರ್ರೀ ನೀವು? ನಮ್ ಹುಡುಗ ನನ್ ಫೋನಿಂದ ನಿಮಗೆ ಎರಡು ಸಲ ದುಡ್ಡು ಹಾಕಿದಾನೆ. ಯಾತಕ್ಕೆ?" ಒಬ್ಬರು ತಾಯಿ. ಕತ್ತಿಗೆ ಅಂತ ಹೇಗೆ ಹೇಳುವುದು? "ಮೇಡಂ, ಆಟದ್ದು" ಅಂದೆ. "ಎಂಥ ಆಟ? ಇಸ್ಪೀಟಾ?" ಅಂದರು. ಪಕ್ಕದಲ್ಲಿ ಸಾಹುಕಾರರು ತಿರುಗಿ ನೋಡಿದರು. ಆ ಕ್ಷಣವೇ 398 ವಾಪಸ್ ಹಾಕಿದೆ. ಆ ವಾರವೇ ಕತ್ತಿ ವ್ಯಾಪಾರ ಬಂದ್.

ಟೋಪಿಗೆ ಗಿರಾಕಿ ಕಮ್ಮಿ. 49 ರೂಪಾಯಿಗೆ ಇಟ್ಟರೂ ತಿಂಗಳಿಗೆ ನಾಲ್ಕೈದು. ಅದರಲ್ಲೂ ಯುಪಿಐ ಸ್ಕ್ರೀನ್‌ಶಾಟ್ ಎಡಿಟ್ ಮಾಡಿ ಕಳಿಸುವವರಿದ್ದಾರೆ. ಹಾಗಾಗಿ ಒಂದೊಂದು ಟೋಪಿಗೂ ಬ್ಯಾಂಕ್ ಆ್ಯಪ್ ತೆರೆದು ಹಣ ಬಂತಾ ಅಂತ ನೋಡಬೇಕು. 49 ರೂಪಾಯಿಗೆ ಹತ್ತು ನಿಮಿಷ. ನನ್ನ ಸಂಬಳದ ಲೆಕ್ಕದಲ್ಲಿ ಅದು ಸರಿಹೋಗಬಹುದೇನೋ, ಆದರೆ ಅದನ್ನು ನಾನು ಊಟದ ಹೊತ್ತಿನಲ್ಲಿ ಮಾಡುತ್ತೇನೆ.

ದಾಳಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮೋಸ ಮಾಡಿದ ಒಬ್ಬನನ್ನು ಹೊರಗೆ ಹಾಕಿದ ಸಂಜೆಯೇ ಸರ್ವರ್‌ಗೆ ಉಸಿರು ಕಟ್ಟುವಷ್ಟು ಸುಳ್ಳು ಟ್ರಾಫಿಕ್ ನುಗ್ಗಿತು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯವರು ನಮ್ಮ ವಿಳಾಸವನ್ನೇ ಕೆಲವು ಗಂಟೆ ಮುಚ್ಚಿಟ್ಟರು. ಇದೇನು ಹೊಸ ರೋಗವಲ್ಲ. 2016ರಲ್ಲಿ ಇಂಥದೇ ದಾಳಿಗಳಿಂದ ಜಗತ್ತನ್ನೇ ಕಾಡಿದ ಮಿರಾಯ್ ಎಂಬ ಕುತಂತ್ರಾಂಶವನ್ನು ಬರೆದ ಅಮೆರಿಕದ ಹುಡುಗರ ಗುರಿಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರ್‌ಗಳೂ ಇದ್ದವು. 2017ರಲ್ಲಿ ಅವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ನಮ್ಮವನು ಯಾರು ಅಂತ ನನಗೆ ಅನುಮಾನ ಇದೆ, ಅಷ್ಟೆ.

ದಾರಿ ತೋರಿಸಿದ್ದು ಮತ್ತೆ ಯಕ್ಷಗಾನವೇ. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಆಡಿಸುವವರು ಒಂದು ಮನೆಯವರು, ನೋಡುವುದು ಇಡೀ ಊರು. ಕಳೆದ ವರ್ಷ ಗ್ರೂಪಿನಲ್ಲಿ ಸುಮ್ನೆ ಹಾಕಿದೆ: ಒಂದು ತಿಂಗಳ ಬಾಡಿಗೆ ಒಬ್ಬರದ್ದು, ಒಳಗೆ ಬರುವ ಜಾಗದಲ್ಲಿ ಮರದ ಬೋರ್ಡ್ ಮೇಲೆ ಅವರ ಹೆಸರು. ಕತ್ತಿ ಇಲ್ಲ, ಟೋಪಿಯೂ ಇಲ್ಲ. ಪಿಯುಸಿಯಲ್ಲಿದ್ದಾಗ ನಮ್ಮಲ್ಲಿ ಆಡಿ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಾಗರದ ಹುಡುಗ ಮೊದಲು ಕೈ ಎತ್ತಿದ. ವರ್ಷದ ಹನ್ನೆರಡರಲ್ಲಿ ಏಳು ತಿಂಗಳು ಹೀಗೆ ದಾಟಿತು. ಐದು ನನ್ನ ಜೇಬಿನಿಂದ, ಅಂದರೆ 11,210.

ಕಷ್ಟ ಮಳೆಗಾಲದ್ದು. ಏಪ್ರಿಲ್, ಮೇ ರಜೆಯಲ್ಲಿ ಸಂಜೆ ನಲವತ್ತು ಜನ ಇದ್ದರೆ, ಜೂನ್‌ನಲ್ಲಿ ಶಾಲೆ ಶುರುವಾಗಿ ಆರು ಜನ. ಮಳೆಗಾಲಕ್ಕೆ ಮೇಳದವರೂ ಗೆಜ್ಜೆ ಬಿಚ್ಚಿ ಮನೆಗೆ ಹೋಗುತ್ತಾರೆ. ಸರ್ವರ್‌ಗೆ ಗೆಜ್ಜೆ ಬಿಚ್ಚಿದರೆ ಹುಡುಗರು ಬೇರೆ ಕಡೆ ಹೋಗಿ, ದಸರಾ ರಜೆಗೆ ವಾಪಸ್ ಬರುವುದಿಲ್ಲ. ಅದಕ್ಕೆ ಆರು ಜನಕ್ಕೂ 2,242.

ಈ ವರ್ಷ ಜೂನ್‌ಗೆ ಒಬ್ಬರು ಸಿಕ್ಕಿದ್ದಾರೆ. ಜುಲೈ ಖಾಲಿ. ಭಾನುವಾರ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದೆ. ಅಪ್ಪ ಕವಳದ ತಟ್ಟೆ ಹತ್ತಿರ ಎಳೆದುಕೊಂಡು, "ಎಂತದೋ ಅದು, ಇನ್ನೂ ನಡೆಸ್ತಿದೀಯಾ? ಎಷ್ಟಾಗ್ತದೆ ತಿಂಗಳಿಗೆ?" ಅಂದರು. ಹೇಳಿದೆ. ಏಳು ತಿಂಗಳ ಹೆಸರಿನ ಬೋರ್ಡ್‌ನ ಫೋಟೋವನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ಎಲೆಗೆ ಸುಣ್ಣ ಹಚ್ಚಿದರು.

"ಕನ್ನಡದಲ್ಲಿ ಬರೀಲಿಕ್ಕೆ ಆಗ್ತದಾ ಅದ್ರಲ್ಲಿ?"