ಮಕ್ಕಳು ಹಾಕಿದ ಓಟು

ರಾತ್ರಿ ನಿದ್ದೆ ಬರದೆ ಕೊಲಂಬಿಯಾ ಬಗ್ಗೆ ಓದುತ್ತಾ ಕೂತಿದ್ದೆ. 1996ರ ಅಕ್ಟೋಬರ್‌ನಲ್ಲಿ ಅಲ್ಲಿ ಮಕ್ಕಳು ಓಟು ಹಾಕಿದ್ದರು. ಶಾಲೆಯ ಲೀಡರ್ ಚುನಾವಣೆ ಅಲ್ಲ ಮತ್ತೆ! ಗೆರಿಲ್ಲಾಗಳು, ಸೇನೆ, ಖಾಸಗಿ ಬಂದೂಕು ಪಡೆಗಳು ಬಡಿದಾಡುತ್ತಿದ್ದ ದೇಶ. ಯಾವ ಹಕ್ಕು ನಿಮಗೆ ಎಲ್ಲಕ್ಕಿಂತ ಮುಖ್ಯ ಅಂತ ಕೇಳಿದ್ದಕ್ಕೆ ಸುಮಾರು 27 ಲಕ್ಷ ಮಕ್ಕಳು ಉತ್ತರ ಕೊಟ್ಟರು. ಜಾಸ್ತಿ ಓಟು ಬಿದ್ದದ್ದು ಬದುಕುವ ಹಕ್ಕಿಗೆ, ಶಾಂತಿಗೆ. ಆಟ ಆಡುವ ವಯಸ್ಸು, ಅಲ್ವಾ?

ಮರುವರ್ಷ ದೊಡ್ಡವರ ಸರದಿ. ಸ್ಥಳೀಯ ಚುನಾವಣೆಯ ದಿನವೇ ಶಾಂತಿಗೆ ಅಂತ ಬೇರೆ ಚೀಟಿ. ಹತ್ತಿರ ಹತ್ತಿರ ಒಂದು ಕೋಟಿ ಓಟು. ಆದರೂ ಯುದ್ಧ ನಿಲ್ಲಲಿಲ್ಲ.

ಫಾರ್ಕ್ ಅನ್ನೋ ದೊಡ್ಡ ಗೆರಿಲ್ಲಾ ಪಡೆ ಜೊತೆ ಶಾಂತಿ ಒಪ್ಪಂದ ಆಗುವಷ್ಟರಲ್ಲಿ 2016. ಅದನ್ನು ಜನರ ಮುಂದಿಟ್ಟರೆ, ಕೂದಲೆಳೆ ಅಂತರದಲ್ಲಿ 'ಬೇಡ' ಗೆದ್ದಿತು. ಅಷ್ಟರಲ್ಲಿ ಆ ಮಕ್ಕಳಿಗೆ ಮೂವತ್ತರ ಆಸುಪಾಸು. ಅವರಲ್ಲಿ ಎಷ್ಟು ಜನ 'ಬೇಡ' ಅಂದರೋ.